ಸ್ಕಾಟ್ಲೆಂಡ್ ಸ್ವಾತಂತ್ರ್ಯದ ವಾದವನ್ನು ಓದುವುದು ಹೇಗೆ: ರುಜು ಯಾರದು?

2013ರ ನವೆಂಬರ್ 26ರಂದು ಸ್ಕಾಟ್ಲೆಂಡ್ ಸರ್ಕಾರವು ಬ್ರಿಟನ್ನಿನಿಂದ ಸ್ವಾತಂತ್ರ್ಯ ಪಡೆಯುವುದರ ಪರವಾಗಿ ಒಂದು ಶ್ವೇತಪತ್ರವನ್ನು ಹೊರತಂದಿತು. 650ಕ್ಕೂ ಹೆಚ್ಚು ಪುಟಗಳ ಆ ಗ್ರಂಥದಲ್ಲಿ ಸ್ವತಂತ್ರ ದೇಶದ ಮೊದಲ ದಿನ ಯಾವುದೆಂಬುದೂ ನಮೂದಾಗಿತ್ತು: 2016ರ ಮಾರ್ಚ್ 24. ಚಿಕ್ಕ ಮಕ್ಕಳ ಪಾಲನಾ ಸೌಲಭ್ಯವನ್ನು ಹೆಚ್ಚಿಸಲಾಗುವುದು ಎಂದು ಒಂದು ಕಡೆ ಬರೆದಿದ್ದರೆ, ದೇಶದ ನಾಣ್ಯವಾಗಿ ಪೌಂಡ್ ಮುಂದುವರಿಯುವುದು ಎಂದು ಇನ್ನೊಂದು ಕಡೆ, ಯುರೋಪಿಯನ್ ಒಕ್ಕೂಟದಲ್ಲಿ ಸ್ಕಾಟ್ಲೆಂಡ್ ಇರುವುದು ಎಂದು ಮತ್ತೊಂದು ಕಡೆ ಬರೆದಿತ್ತು. ಮೂರೂ ಮಾತುಗಳ ಧಾಟಿ ಒಂದೇ, ಭರವಸೆಯೂ ಒಂದೇ. ಆದರೆ ಮೊದಲನೆಯದನ್ನು ಎಡಿನ್‌ಬರ್ಗ್‌ನ ಸಂಸತ್ತು ಯಾರನ್ನೂ ಕೇಳದೆ ಮಾಡಿಬಿಡಬಹುದು. ಎರಡನೆಯದಕ್ಕೆ ಲಂಡನ್ನಿನ ಒಪ್ಪಿಗೆ ಬೇಕು. ಮೂರನೆಯದಕ್ಕೆ ಆಗ ಒಕ್ಕೂಟದಲ್ಲಿದ್ದ 28 ರಾಷ್ಟ್ರಗಳ ಒಪ್ಪಿಗೆ ಬೇಕು.

ಸ್ಕಾಟ್ಲೆಂಡಿನ ವಾದದಲ್ಲಿ ಯಾರು ಸರಿ ಎಂದು ಹೇಳುವುದು ಈ ಬರಹದ ಕೆಲಸವಲ್ಲ. ಆ ವಾದದ ಕಾಗದಗಳನ್ನು, ಭಾಷಣಗಳನ್ನು, ಅಂಕಿಗಳನ್ನು ಕೈಗೆತ್ತಿಕೊಂಡವರು ಅವನ್ನು ಹೇಗೆ ಓದಬೇಕೆಂಬುದನ್ನಷ್ಟೇ ಇಲ್ಲಿ ಹೇಳಹೊರಟಿದ್ದೇನೆ. ಓದುವಾಗ ಪೆನ್ಸಿಲ್ ಒಂದನ್ನು ಕೈಯಲ್ಲಿಟ್ಟುಕೊಳ್ಳಿ. ಮುಂದೆ ಆಗಲಿರುವುದರ ಬಗ್ಗೆ ಇರುವ ಪ್ರತಿಯೊಂದು ವಾಕ್ಯದ ಪಕ್ಕದಲ್ಲಿ, ಅದು ನಿಜವಾಗಬೇಕಾದರೆ ಯಾರು ರುಜು ಹಾಕಬೇಕು ಎಂಬುದನ್ನು ಬರೆಯಿರಿ. ಹೇಳಿದವರೇ ರುಜು ಹಾಕಬಲ್ಲವರಾದರೆ ಅದು ಸಂಕಲ್ಪ; ಬೇರೆಯವರು ಹಾಕಬೇಕಾದರೆ ಅದು ನಿರೀಕ್ಷೆ. ನಿರೀಕ್ಷೆಯೇನೂ ಸುಳ್ಳಲ್ಲ, ಆದರೆ ಅದನ್ನು ತೂಗುವ ತಕ್ಕಡಿ ಬೇರೆ. ಈ ಕ್ರಮವನ್ನು ಸ್ವಾತಂತ್ರ್ಯದ ಪರವಾಗಿರುವವರ ಮೇಲೆ ಮಾತ್ರ ಪ್ರಯೋಗಿಸಿ ಸುಮ್ಮನಾಗಬಾರದು. ಒಕ್ಕೂಟ, ಅಂದರೆ ಬ್ರಿಟನ್ನಿನೊಂದಿಗಿನ ಒಕ್ಕೂಟ, ಉಳಿಯಬೇಕೆನ್ನುವವರ ಭರವಸೆಗಳಿಗೂ ಇದೇ ಪೆನ್ಸಿಲ್ ಬೇಕಾಗುತ್ತದೆ ಎಂಬುದು ಮುಂದೆ ಕಾಣುತ್ತದೆ.

ಹಿನ್ನೆಲೆ ಎಷ್ಟು ಬೇಕೋ ಅಷ್ಟು

ಇತಿಹಾಸದಲ್ಲಿ ಮುಳುಗಿ ಮೇಲೇಳದವರು ಈ ವಿಷಯದಲ್ಲಿ ಬಹಳ ಮಂದಿ. ಓದುಗರಿಗೆ ಬೇಕಾದದ್ದು ನಾಲ್ಕಾರು ಗೂಟಗಳು ಮಾತ್ರ. 1603ರಲ್ಲಿ ಸ್ಕಾಟ್ಲೆಂಡಿನ ದೊರೆ ಆರನೆಯ ಜೇಮ್ಸ್ ಇಂಗ್ಲೆಂಡಿನ ಸಿಂಹಾಸನಕ್ಕೂ ಬಂದಾಗ ಕಿರೀಟವೊಂದೇ ಆಯಿತು, ಸಂಸತ್ತುಗಳು ಎರಡಾಗಿಯೇ ಉಳಿದವು. 1707ರ ಮೇ 1ರಂದು ಎರಡು ಸಂಸತ್ತುಗಳೂ ಸೇರಿ ಒಂದಾದವು. ಪನಾಮದ ಡೇರಿಯನ್ ಎಂಬಲ್ಲಿ ವಸಾಹತು ಕಟ್ಟಲು ಹೋಗಿ ಸ್ಕಾಟ್ಲೆಂಡಿನ ಹಣವಂತರು ಕೈಸುಟ್ಟುಕೊಂಡದ್ದು ಆ ಒಪ್ಪಂದದ ಹಿಂದಿದ್ದ ಕಾರಣಗಳಲ್ಲಿ ಒಂದು. ಅಂದು ಸಂಸತ್ತು ಹೋದರೂ ಸ್ಕಾಟ್ಲೆಂಡಿನ ಕಾನೂನು ಪದ್ಧತಿ, ಚರ್ಚು ಮತ್ತು ಶಿಕ್ಷಣ ವ್ಯವಸ್ಥೆ ಹೋಗಲಿಲ್ಲ. ಇದನ್ನು ನೆನಪಿಡುವುದು ಮುಖ್ಯ. ಏಕೆಂದರೆ ಸ್ಕಾಟ್ಲೆಂಡ್ ಗೆದ್ದುಕೊಂಡ ನಾಡಲ್ಲ, ಒಪ್ಪಂದದಿಂದ ಸೇರಿದ ನಾಡು ಎಂಬ ಮಾತನ್ನು ಎರಡೂ ಪಕ್ಷಗಳು ಹೇಳುತ್ತವೆ: ಒಬ್ಬರು ಒಪ್ಪಂದವನ್ನು ಬಿಡಿಸಿಕೊಳ್ಳಬಹುದು ಎನ್ನುವುದಕ್ಕೆ, ಇನ್ನೊಬ್ಬರು ಅದು ಸ್ವಇಚ್ಛೆಯ ಒಪ್ಪಂದವಾದ್ದರಿಂದ ದಬ್ಬಾಳಿಕೆಯ ಮಾತು ಸಲ್ಲದು ಎನ್ನುವುದಕ್ಕೆ.

ಆಮೇಲಿನ ಗೂಟ 1999ರದು. 1997ರ ಸೆಪ್ಟೆಂಬರ್ 11ರ ಜನಮತಗಣನೆಯಲ್ಲಿ ಶೇ. 74.3ರಷ್ಟು ಮತದಾರರು ಎಡಿನ್‌ಬರ್ಗ್‌ನಲ್ಲಿ ಸಂಸತ್ತು ಬೇಕೆಂದರು. 1998ರ ಸ್ಕಾಟ್ಲೆಂಡ್ ಕಾಯ್ದೆಯ ಮೂಲಕ ಎಡಿನ್‌ಬರ್ಗ್‌ನ ಹೋಲಿರೂಡ್ ಸಂಸತ್ತು ಹುಟ್ಟಿತು. ಆರೋಗ್ಯ, ಶಿಕ್ಷಣ, ಪೊಲೀಸ್, ನ್ಯಾಯಾಡಳಿತ ಇವೆಲ್ಲ ಅದರ ಕೈಗೆ ಬಂದವು. ರಕ್ಷಣೆ, ವಿದೇಶಾಂಗ, ನಾಣ್ಯ, ಜೊತೆಗೆ ಸ್ವತಃ ಒಕ್ಕೂಟದ ವಿಷಯವೂ ಲಂಡನ್ನಿನ ಸಂಸತ್ತಾದ ವೆಸ್ಟ್‌ಮಿನ್‌ಸ್ಟರ್‌ಗೆ ಮೀಸಲಾಗಿ ಉಳಿದವು. ಕೊನೆಯದೊಂದನ್ನು ಗುರುತು ಹಾಕಿಟ್ಟುಕೊಳ್ಳಿ.

ಪ್ರಶ್ನೆ ಕೇಳುವ ಅಧಿಕಾರ

ಸ್ವಾತಂತ್ರ್ಯ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯನ್ನೂ, ಅದನ್ನು ಜನರ ಮುಂದಿಡುವ ಹಕ್ಕು ಯಾರದು ಎಂಬ ಪ್ರಶ್ನೆಯನ್ನೂ ಬೇರೆ ಬೇರೆ ಇಟ್ಟು ಓದಬೇಕು. ಸ್ವಾತಂತ್ರ್ಯವನ್ನು ವಿರೋಧಿಸುತ್ತಲೇ ಜನಮತಗಣನೆಯ ಹಕ್ಕು ಹೋಲಿರೂಡ್‌ಗೆ ಇರಬೇಕು ಎನ್ನುವವರಿದ್ದಾರೆ. ಸ್ವಾತಂತ್ರ್ಯ ಬೇಕೆಂದರೂ ಸದ್ಯಕ್ಕೆ ಮತ್ತೊಂದು ಮತದಾನ ಬೇಡ ಎನ್ನುವವರೂ ಇದ್ದಾರೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಲೇಖನ ಸಿಕ್ಕರೆ ಮೊದಲು ಗಂಟು ಬಿಚ್ಚಿ.

2011ರ ಹೋಲಿರೂಡ್ ಚುನಾವಣೆಯಲ್ಲಿ ಸ್ವಾತಂತ್ರ್ಯ ಬೇಕೆನ್ನುವ ಸ್ಕಾಟಿಷ್ ನ್ಯಾಷನಲ್ ಪಾರ್ಟಿಯು (ಎಸ್‌ಎನ್‌ಪಿ) 129 ಸ್ಥಾನಗಳ ಪೈಕಿ 69ನ್ನು ಗೆದ್ದು ಬಹುಮತ ಪಡೆಯಿತು. 2012ರ ಅಕ್ಟೋಬರ್ 15ರಂದು ಬ್ರಿಟನ್ನಿನ ಪ್ರಧಾನಿ ಡೇವಿಡ್ ಕ್ಯಾಮರಾನ್ ಮತ್ತು ಸ್ಕಾಟ್ಲೆಂಡಿನ ಪ್ರಥಮ ಸಚಿವ ಅಲೆಕ್ಸ್ ಸಾಮಂಡ್ ಎಡಿನ್‌ಬರ್ಗ್‌ನಲ್ಲಿ ಒಪ್ಪಂದವೊಂದಕ್ಕೆ ರುಜು ಹಾಕಿದರು. 1998ರ ಕಾಯ್ದೆಯ 30ನೆಯ ವಿಧಿಯ ಪ್ರಕಾರ ಆದೇಶ ಹೊರಡಿಸಿ, ಒಂದು ಬಾರಿಯ ಮಟ್ಟಿಗೆ, 2014ರಲ್ಲಿ ನಡೆದ ಜನಮತಗಣನೆಯ ಅಧಿಕಾರವನ್ನು ಹೋಲಿರೂಡ್‌ಗೆ ಕೊಡಲಾಯಿತು. ಅಂದರೆ ಬೀಗದ ಕೈಯನ್ನು ವೆಸ್ಟ್‌ಮಿನ್‌ಸ್ಟರ್ ಎರವಲು ಕೊಟ್ಟಿತ್ತು, ಬಿಟ್ಟುಕೊಟ್ಟಿರಲಿಲ್ಲ.

ಹತ್ತು ವರ್ಷಗಳ ನಂತರ ಇದೇ ಅಂಶ ನ್ಯಾಯಾಲಯದ ಮೆಟ್ಟಿಲೇರಿತು. ಆಗಿನ ಪ್ರಥಮ ಸಚಿವೆ ನಿಕೋಲಾ ಸ್ಟರ್ಜನ್ ಅವರ ಸರ್ಕಾರವು ಲಂಡನ್ನಿನ ಒಪ್ಪಿಗೆಯಿಲ್ಲದೆ ಎರಡನೆಯ ಜನಮತಗಣನೆ ನಡೆಸಬಹುದೇ ಎಂಬ ಪ್ರಶ್ನೆಗೆ, 2022ರ ನವೆಂಬರ್ 23ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ಸಾಧ್ಯವಿಲ್ಲ ಎಂದು ಉತ್ತರಿಸಿತು. ಫಲಿತಾಂಶವು ಕಾನೂನಿನ ಪ್ರಕಾರ ಯಾರನ್ನೂ ಕಟ್ಟಿಹಾಕದ ಸಲಹಾ ಮತದಾನವಾದರೂ, ಅದು ಒಕ್ಕೂಟದ ಭವಿಷ್ಯಕ್ಕೆ ನೇರವಾಗಿ ಸಂಬಂಧಿಸಿದ್ದಾದ್ದರಿಂದ ಮೀಸಲು ವಿಷಯವೇ ಎಂಬುದು ತೀರ್ಪಿನ ತಿರುಳು. ಈ ತೀರ್ಪನ್ನು ಉದ್ಧರಿಸುವವರನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಸ್ಕಾಟ್ಲೆಂಡ್ ಸ್ವತಂತ್ರವಾಗಬಾರದೆಂದು ನ್ಯಾಯಾಲಯ ಹೇಳಲಿಲ್ಲ, ಸ್ವಾತಂತ್ರ್ಯದ ಬೇಡಿಕೆ ಅಕ್ರಮವೆಂದೂ ಹೇಳಲಿಲ್ಲ. ಇಂದಿನ ಕಾಯ್ದೆಯ ಮಿತಿಯಲ್ಲಿ ಮತಪತ್ರ ಹಂಚುವ ಅಧಿಕಾರ ಯಾರಿಗಿಲ್ಲ ಎಂದಷ್ಟೇ ಹೇಳಿತು.

ಹೋಲಿಕೆಗೆ ಉತ್ತರ ಐರ್ಲೆಂಡನ್ನು ನೋಡಿ. ಅದೇ ಒಕ್ಕೂಟದ ಭಾಗವಾದ ಅಲ್ಲಿ, ಬಹುಮತದ ಜನರು ಐರ್ಲೆಂಡಿನೊಂದಿಗೆ ಸೇರಲು ಬಯಸುವ ಸಂಭವವಿದೆ ಎಂದು ಸಂಬಂಧಪಟ್ಟ ಸಚಿವರಿಗೆ ಕಂಡುಬಂದರೆ ಮತದಾನ ನಡೆಸಲೇಬೇಕು ಎಂದೂ, ಎರಡು ಮತದಾನಗಳ ನಡುವೆ ಕನಿಷ್ಠ ಏಳು ವರ್ಷಗಳಿರಬೇಕು ಎಂದೂ 1998ರ ಕಾನೂನಿನಲ್ಲೇ ಬರೆದಿದೆ. ಸ್ಕಾಟ್ಲೆಂಡಿನ ವಿಷಯದಲ್ಲಿ ಅಂಥ ಒಂದು ಸಾಲೂ ಇಲ್ಲ. ತಲೆಮಾರಿಗೊಮ್ಮೆ ಮಾತ್ರ ಎಂಬ ಪದಗುಚ್ಛ ವಾದಗಳಲ್ಲಿ ಪದೇ ಪದೇ ಕಾಣಿಸುತ್ತದೆ. ಅದು ಸಾಮಂಡ್ ಅವರ ಬಾಯಲ್ಲೂ ಶ್ವೇತಪತ್ರದಲ್ಲೂ ಬಂದದ್ದು ನಿಜ, ಆದರೆ 2012ರ ಒಪ್ಪಂದದ ಪಠ್ಯದಲ್ಲಿ ಇಲ್ಲ. ಭಾಷಣದ ಮಾತನ್ನು ಕರಾರಿನ ಷರತ್ತಿನಂತೆ ಬಳಸಿದಾಗ ಅಂಚಿನಲ್ಲಿ ಒಂದು ಗೆರೆ ಎಳೆಯಿರಿ. ಹಾಗೆಂದು ಆ ಮಾತಿಗೆ ರಾಜಕೀಯ ಬೆಲೆಯೇ ಇಲ್ಲವೆಂದೇನಲ್ಲ. ಆಡಿದ ಮಾತು ಆಡಿದವರನ್ನು ಕಾಡದೆ ಬಿಡುವುದಿಲ್ಲ.

ಹೊರಗಿನ ಉದಾಹರಣೆಗಳನ್ನು ತರುವವರು ಸಾಮಾನ್ಯವಾಗಿ ಕ್ಯುಬೆಕ್ ಮತ್ತು ಕ್ಯಾಟಲೋನಿಯಾಗಳನ್ನು ತರುತ್ತಾರೆ. ಕ್ಯುಬೆಕ್‌ನಲ್ಲಿ 1980 ಮತ್ತು 1995ರಲ್ಲಿ ಎರಡು ಬಾರಿ ಮತದಾನ ನಡೆದು, ಎರಡನೆಯ ಬಾರಿ ಬೇಡವೆಂಬ ಪಕ್ಷ ಶೇ. 50.58ರಷ್ಟು ಮತ ಪಡೆದು ಕೂದಲೆಳೆಯಲ್ಲಿ ಗೆದ್ದಿತು. 1998ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್, ಪ್ರಾಂತ್ಯವು ಏಕಪಕ್ಷೀಯವಾಗಿ ಹೊರಹೋಗುವಂತಿಲ್ಲ, ಆದರೆ ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ ಉಳಿದವರು ಮಾತುಕತೆಗೆ ಕೂರಲೇಬೇಕು ಎಂದಿತು. ಕ್ಯಾಟಲೋನಿಯಾದಲ್ಲಿ 2017ರ ಅಕ್ಟೋಬರ್ 1ರಂದು ನಡೆದ ಮತದಾನವನ್ನು ಸ್ಪೇನಿನ ಸಾಂವಿಧಾನಿಕ ನ್ಯಾಯಾಲಯ ಮೊದಲೇ ತಡೆಹಿಡಿದಿತ್ತು. ಸ್ಕಾಟ್ಲೆಂಡ್ ಇವೆರಡರಂತೆಯೂ ಅಲ್ಲ. 2014ರ ಮತದಾನದ ಫಲಿತಾಂಶವನ್ನು ಗೌರವಿಸುವುದಾಗಿ ಎರಡೂ ಸರ್ಕಾರಗಳು ಮೊದಲೇ ಬರೆದುಕೊಟ್ಟಿದ್ದವು. ಅಂಥ ಸ್ಥಿತಿ ಬಹಳ ಅಪರೂಪ.

ಮತಪತ್ರವನ್ನು ಹತ್ತಿರದಿಂದ ನೋಡಿ

ಜನಮತಗಣನೆಯ ಫಲಿತಾಂಶವನ್ನು ಓದುವ ಮುನ್ನ ಪ್ರಶ್ನೆಯನ್ನು ಓದಬೇಕು. ಸ್ಕಾಟ್ಲೆಂಡ್ ಸರ್ಕಾರ ಮೊದಲು ಸಿದ್ಧಪಡಿಸಿದ್ದ ಪ್ರಶ್ನೆ, ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕು ಎಂಬುದನ್ನು ನೀವು ಒಪ್ಪುತ್ತೀರಾ ಎಂಬಂತಿತ್ತು. ಚುನಾವಣಾ ಆಯೋಗ ಅದನ್ನು ಜನರ ಮೇಲೆ ಪರೀಕ್ಷಿಸಿ, ‘ಒಪ್ಪುತ್ತೀರಾ’ ಎಂಬ ಪದ ಉತ್ತರವನ್ನು ಹೌದು ಎಂಬ ಕಡೆಗೆ ಜಗ್ಗುತ್ತದೆ ಎಂದು ಹೇಳಿತು. ಕೊನೆಗೆ ಮತಪತ್ರದಲ್ಲಿ ಉಳಿದದ್ದು, ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ ಎಂಬ ಬರಿಯ ಪ್ರಶ್ನೆ. ಒಂದೇ ಒಂದು ಕ್ರಿಯಾಪದ ತೆಗೆದುಹಾಕಿದ್ದಕ್ಕೆ ಇಷ್ಟೊಂದು ಪ್ರಾಮುಖ್ಯವೇ ಎಂದು ಅನ್ನಿಸಬಹುದು. ಆದರೆ ಮುಂದೆ ಸಮೀಕ್ಷೆಗಳ ಮಾತು ಬಂದಾಗ ಇದೇ ಕ್ರಿಯಾಪದದ ಆಟ ಮತ್ತೆ ಎದುರಾಗುತ್ತದೆ.

ಯಾರು ಮತ ಹಾಕಬಹುದು ಎಂಬುದೂ ಅಷ್ಟೇ ಮುಖ್ಯ. 2014ರಲ್ಲಿ 16 ಮತ್ತು 17 ವರ್ಷದವರಿಗೂ ಮತದಾನದ ಹಕ್ಕು ಕೊಡಲಾಯಿತು. ಸ್ಕಾಟ್ಲೆಂಡಿನಲ್ಲಿ ನೆಲೆಸಿದ್ದ ಯುರೋಪಿಯನ್ ಒಕ್ಕೂಟದ ಮತ್ತು ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಮತ ಹಾಕಬಹುದಿತ್ತು. ಸ್ಕಾಟ್ಲೆಂಡಿನಲ್ಲೇ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದವರು ಹಾಕುವಂತಿರಲಿಲ್ಲ. ಅಂದರೆ ಈ ಚಳವಳಿ ತನ್ನನ್ನು ಹುಟ್ಟಿನ ಮೇಲೆ ಕಟ್ಟಿಕೊಳ್ಳದೆ ವಾಸದ ಮೇಲೆ ಕಟ್ಟಿಕೊಂಡಿತು. ರಾಷ್ಟ್ರೀಯತೆ ಎಂಬ ಪದವನ್ನು ಕೇಳಿದ ಕೂಡಲೇ ರಕ್ತ, ಕುಲ ಎಂದು ಊಹಿಸುವವರು ಈ ಮತದಾರರ ಪಟ್ಟಿಯನ್ನು ಒಮ್ಮೆ ನೋಡಬೇಕು.

ಇನ್ನು ಗೆಲುವಿನ ಗೆರೆ. 1979ರ ಮಾರ್ಚ್ 1ರಂದು ಸ್ಕಾಟ್ಲೆಂಡಿಗೆ ಪ್ರತ್ಯೇಕ ಶಾಸನಸಭೆ ಬೇಕೇ ಎಂದು ಕೇಳಿದಾಗ ಶೇ. 51.6ರಷ್ಟು ಮತಗಳು ಬೇಕು ಎಂದವು. ಆದರೂ ಸಭೆ ಬರಲಿಲ್ಲ. ಪಟ್ಟಿಯಲ್ಲಿರುವ ಒಟ್ಟು ಮತದಾರರಲ್ಲಿ ಶೇ. 40ರಷ್ಟು ಜನ ಬೇಕೆನ್ನಬೇಕು ಎಂಬ ಷರತ್ತನ್ನು ಸಂಸತ್ತಿನಲ್ಲಿ ಸೇರಿಸಲಾಗಿತ್ತು, ಬಂದದ್ದು ಶೇ. 32.9. ಮತಗಟ್ಟೆಗೆ ಬಾರದವರೆಲ್ಲ ಬೇಡವೆಂದಂತೆ ಲೆಕ್ಕವಾದ ಆ ದಿನದ ಕಹಿ ಇಂದಿಗೂ ವಾದಗಳ ಅಡಿಯಲ್ಲಿ ಹರಿಯುತ್ತದೆ. ಹಾಗಾಗಿಯೇ 2014ರಲ್ಲಿ ಸರಳ ಬಹುಮತ ಸಾಕೆಂದಾಯಿತು. ಮಾಂಟೆನೆಗ್ರೊ 2006ರಲ್ಲಿ ಸರ್ಬಿಯಾದಿಂದ ಬೇರೆಯಾಗುವಾಗ ಶೇ. 55ರ ಗೆರೆ ಎಳೆದಿದ್ದರು, ಬಂದದ್ದು ಶೇ. 55.5. ಶೇ. 60 ಬೇಕೆಂದು ಇಂದು ಯಾರಾದರೂ ಹೇಳಿದರೆ ಎರಡೂ ಉದಾಹರಣೆಗಳನ್ನು ಒಟ್ಟಿಗೆ ಇಟ್ಟು ನೋಡಿ: ಗೆರೆಯನ್ನು ಎರಡೂ ಪಕ್ಷದವರು ಒಪ್ಪಿ ಎಳೆದಾಗ ಸೋತವರು ಸುಮ್ಮನಾಗುತ್ತಾರೆ, ಒಬ್ಬರೇ ಎಳೆದಾಗ ನಲವತ್ತು ವರ್ಷ ಕಳೆದರೂ ಮರೆಯುವುದಿಲ್ಲ.

2014ರ ಸೆಪ್ಟೆಂಬರ್ 18ರ ಲೆಕ್ಕ ಹೀಗಿದೆ: ಬೇಡ ಎಂದವರು 20,01,926, ಅಂದರೆ ಶೇ. 55.3, ಬೇಕು ಎಂದವರು 16,17,989, ಅಂದರೆ ಶೇ. 44.7. ಮತದಾನದ ಪ್ರಮಾಣ ಶೇ. 84.6. ಇದ್ದ 32 ಸ್ಥಳೀಯ ಆಡಳಿತ ಪ್ರದೇಶಗಳಲ್ಲಿ ಗ್ಲಾಸ್ಗೋ, ಡಂಡೀ ಸೇರಿದಂತೆ ನಾಲ್ಕರಲ್ಲಿ ಮಾತ್ರ ಬೇಕು ಎಂಬುದು ಗೆದ್ದಿತು.

ಹಣದ ಕೋಷ್ಟಕ

ಸ್ಕಾಟ್ಲೆಂಡಿನ ವಾದದಲ್ಲಿ ಅತಿ ಹೆಚ್ಚು ದುರ್ಬಳಕೆಯಾಗುವ ಕಾಗದವೆಂದರೆ, ನನ್ನ ಅಭಿಪ್ರಾಯದಲ್ಲಿ, ಸ್ಕಾಟ್ಲೆಂಡ್ ಸರ್ಕಾರದ ಅಂಕಿಅಂಶ ತಜ್ಞರು ಪ್ರತಿವರ್ಷ ಹೊರತರುವ ಆದಾಯ ಮತ್ತು ವೆಚ್ಚದ ವರದಿ. ಜಿಇಆರ್‌ಎಸ್ ಎಂಬ ಸಂಕ್ಷೇಪದಿಂದ ಅದನ್ನು ಎಲ್ಲರೂ ಕರೆಯುತ್ತಾರೆ. 2023-24ರ ವರದಿಯ ಪ್ರಕಾರ, ಉತ್ತರ ಸಮುದ್ರದ ತೈಲದ ಭೌಗೋಳಿಕ ಪಾಲನ್ನು ಸೇರಿಸಿಕೊಂಡರೂ ಸ್ಕಾಟ್ಲೆಂಡಿನ ಕೊರತೆ 22.7 ಬಿಲಿಯನ್ ಪೌಂಡ್, ಅಂದರೆ ಜಿಡಿಪಿಯ ಶೇ. 10.4, ಇಡೀ ಬ್ರಿಟನ್ನಿನದು ಶೇ. 4.5. ಒಕ್ಕೂಟದ ಪರವಾಗಿರುವವರು ಇಲ್ಲಿಗೆ ಪುಸ್ತಕ ಮುಚ್ಚುತ್ತಾರೆ.

ನೀವು ಮುಚ್ಚಬೇಡಿ. ಮೊದಲು ಹಳೆಯ ಪುಟಗಳಿಗೆ ಹೋಗಿ. 2013ರಲ್ಲಿ ಪ್ರಕಟವಾದ, 2011-12ಕ್ಕೆ ಸಂಬಂಧಿಸಿದ ಇದೇ ವರದಿಯಲ್ಲಿ ಸ್ಕಾಟ್ಲೆಂಡಿನ ಕೊರತೆ ಶೇ. 5.0, ಬ್ರಿಟನ್ನಿನದು ಶೇ. 7.9. ಆಗ ಈ ಕೋಷ್ಟಕವನ್ನು ಎತ್ತಿ ಹಿಡಿದವರು ಸ್ವಾತಂತ್ರ್ಯದ ಪರವಾಗಿದ್ದವರು. ನಡುವೆ ಏನಾಯಿತು? ತೈಲ ಬಿದ್ದಿತು. ಶ್ವೇತಪತ್ರದ ಅಂದಾಜುಗಳು ಬ್ಯಾರೆಲ್ಲಿಗೆ 113 ಡಾಲರ್ ಬೆಲೆಯನ್ನು ಊಹಿಸಿಕೊಂಡಿದ್ದವು. 2016ರ ಜನವರಿಯಲ್ಲಿ ಬೆಲೆ 30 ಡಾಲರಿಗಿಂತ ಕೆಳಗೆ ಇಳಿದಿತ್ತು. ಸ್ಕಾಟ್ಲೆಂಡಿನ ಪಾಲಿನ ತೈಲ ಆದಾಯ ಒಂದೇ ವರ್ಷದಲ್ಲಿ ಸುಮಾರು 1.8 ಬಿಲಿಯನ್ ಪೌಂಡಿನಿಂದ 2015-16ರಲ್ಲಿ 60 ಮಿಲಿಯನ್‌ಗೆ ಕುಸಿಯಿತು. ತೈಲದ ಬೆಲೆಗೆ ಯಾರ ರುಜುವೂ ಇಲ್ಲ. ಆದ್ದರಿಂದ ಯಾವುದೇ ಒಂದು ವರ್ಷದ ಸಾಲನ್ನು ಹಿಡಿದು ದೇಶದ ಅರ್ಹತೆ ಅಳೆಯುವವರನ್ನು, ಅವರು ಯಾವ ಪಕ್ಷದವರೇ ಆಗಲಿ, ಹಿಂದಿನ ಹತ್ತು ವರ್ಷಗಳ ಸಾಲನ್ನೂ ತೋರಿಸಿ ಎಂದು ಕೇಳಬೇಕು. ತೈಲದ ವಿಷಯದಲ್ಲಿ ಹಳೆಯ ಗಾಯವೂ ಒಂದಿದೆ: ಅರ್ಥಶಾಸ್ತ್ರಜ್ಞ ಗೇವಿನ್ ಮೆಕ್ರೋನ್ 1974ರಲ್ಲಿ ಸರ್ಕಾರಕ್ಕಾಗಿ ಬರೆದ ಟಿಪ್ಪಣಿಯಲ್ಲಿ, ತೈಲದಿಂದ ಸ್ವತಂತ್ರ ಸ್ಕಾಟ್ಲೆಂಡಿಗೆ ಮುಜುಗರವಾಗುವಷ್ಟು ಹೆಚ್ಚುವರಿ ಆದಾಯ ಬರಬಹುದು ಎಂದಿದ್ದರು. ಅದು ಬೆಳಕಿಗೆ ಬಂದದ್ದು 2005ರಲ್ಲಿ. ಆ ಹಣದ ಕಾಲ ಕಳೆದುಹೋಗಿದೆ, ಆದರೆ ಮುಚ್ಚಿಟ್ಟರು ಎಂಬ ಅನುಮಾನ ಕಳೆದುಹೋಗಿಲ್ಲ.

ಎರಡನೆಯ ಕೆಲಸ, ವೆಚ್ಚದ ಕಡೆ ಯಾವ ಸಾಲು ಹೇಗೆ ಬಂದಿದೆ ಎಂದು ನೋಡುವುದು. ಸ್ಕಾಟ್ಲೆಂಡಿನಲ್ಲಿ ಆಸ್ಪತ್ರೆಗಳಿಗೆ ಖರ್ಚಾದದ್ದು ಸ್ಕಾಟ್ಲೆಂಡಿನದೇ ಲೆಕ್ಕ. ಆದರೆ ರಕ್ಷಣೆ ಮತ್ತು ರಾಷ್ಟ್ರೀಯ ಸಾಲದ ಬಡ್ಡಿಯಂಥವನ್ನು ಜನಸಂಖ್ಯೆಯ ಅನುಪಾತದಲ್ಲಿ, ಅಂದರೆ ಬ್ರಿಟನ್ನಿನ ಒಟ್ಟು ವೆಚ್ಚದ ಸುಮಾರು ಶೇ. 8ರಷ್ಟನ್ನು, ಸ್ಕಾಟ್ಲೆಂಡಿನ ಹೆಸರಿಗೆ ಬರೆಯಲಾಗುತ್ತದೆ. ಸ್ವತಂತ್ರ ಸ್ಕಾಟ್ಲೆಂಡ್ ಅಷ್ಟೇ ದೊಡ್ಡ ಸೈನ್ಯವನ್ನು ಇಟ್ಟುಕೊಳ್ಳಬೇಕೆಂದಿಲ್ಲ. ಹಾಗಾಗಿ ಈ ಕೋಷ್ಟಕ ಒಕ್ಕೂಟದೊಳಗಿನ ಸ್ಕಾಟ್ಲೆಂಡಿನ ಇಂದಿನ ಚಿತ್ರವೇ ಹೊರತು ನಾಳಿನ ದೇಶದ ಮುಂಗಡಪತ್ರವಲ್ಲ ಎನ್ನುವುದು ಸರಿ. ಅದೇ ಉಸಿರಿನಲ್ಲಿ, ಆದ್ದರಿಂದ ಇದಕ್ಕೆ ಬೆಲೆಯೇ ಇಲ್ಲ ಎನ್ನುವುದು ತಪ್ಪು: ಪಿಂಚಣಿ, ಆರೋಗ್ಯ, ಶಾಲೆಗಳು ಸ್ವಾತಂತ್ರ್ಯದ ಮರುದಿನವೂ ಅಲ್ಲೇ ಇರುತ್ತವೆ, ಅವುಗಳ ಬಿಲ್ಲೂ ಅಲ್ಲೇ ಇರುತ್ತದೆ. ಹೊಸ ದೇಶ ಎಲ್ಲಿಂದ ಆರಂಭಿಸುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಕಾಗದ ಬೇರೆ ಇಲ್ಲ.

ಸಾಲ ಹಂಚಿಕೆ ಇನ್ನೊಂದು. 2014ರ ಜನವರಿಯಲ್ಲಿ ಬ್ರಿಟನ್ನಿನ ಖಜಾನೆ, ಸ್ವಾತಂತ್ರ್ಯದ ದಿನದವರೆಗಿನ ಬ್ರಿಟಿಷ್ ಸರ್ಕಾರಿ ಸಾಲಪತ್ರಗಳ ಹೊಣೆ ತನ್ನದೇ ಎಂದು ಘೋಷಿಸಿ ಸಾಲಪತ್ರಗಳ ಮಾರುಕಟ್ಟೆಯನ್ನು ಸಮಾಧಾನಪಡಿಸಿತು. ಸ್ಕಾಟ್ಲೆಂಡ್ ತನ್ನ ಪಾಲನ್ನು ಲಂಡನ್ನಿಗೆ ಕಟ್ಟಬೇಕೆಂಬುದು ಅದರ ನಿರೀಕ್ಷೆ. ನಾಣ್ಯ ಹಂಚಿಕೊಳ್ಳದಿದ್ದರೆ ಸಾಲವನ್ನೂ ಹಂಚಿಕೊಳ್ಳುವುದಿಲ್ಲ ಎಂದು ಸಾಮಂಡ್ ಪಕ್ಷ ಹೇಳಿತು. ಎರಡೂ ಮಾತುಕತೆಯ ಮೇಜಿನ ಮೇಲೆ ಇಡುವ ಕಾಯಿಗಳು. ಅವನ್ನು ತೀರ್ಮಾನಗಳೆಂದು ಓದಬೇಡಿ.

ಒಂದು ವಾಕ್ಯವನ್ನು ಬಿಡಿಸಿ ನೋಡೋಣ: ‘ಪೌಂಡ್ ನಮ್ಮಲ್ಲೇ ಉಳಿಯುತ್ತದೆ’

ಸ್ಕಾಟ್ಲೆಂಡಿನಲ್ಲಿ ಚಲಾವಣೆಯಲ್ಲಿರುವ ಕೆಲವು ನೋಟುಗಳ ಮೇಲೆ ಬ್ಯಾಂಕ್ ಆಫ್ ಸ್ಕಾಟ್ಲೆಂಡ್, ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್, ಕ್ಲೈಡ್ಸ್‌ಡೇಲ್ ಬ್ಯಾಂಕ್ ಎಂಬ ಹೆಸರುಗಳಿರುತ್ತವೆ. ಅದನ್ನು ಕಂಡು ಸ್ಕಾಟ್ಲೆಂಡಿಗೆ ಈಗಾಗಲೇ ಸ್ವಂತ ನಾಣ್ಯವಿದೆ ಎಂದುಕೊಳ್ಳುವುದು ಸುಲಭ. ಆದರೆ ಆ ನೋಟುಗಳೂ ಪೌಂಡ್ ಸ್ಟರ್ಲಿಂಗೇ. ಅವುಗಳ ಹಿಂದಿನ ಆಧಾರ ಮುಖ್ಯವಾಗಿ ಬ್ರಿಟನ್ನಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿರುವ ಹಣ. ಬಡ್ಡಿದರ ನಿರ್ಧಾರವಾಗುವುದೂ ಅಲ್ಲೇ.

ಈಗ ಮೇಲಿನ ವಾಕ್ಯಕ್ಕೆ ಬನ್ನಿ. ಅದರೊಳಗೆ ಮೂರು ಬೇರೆ ಬೇರೆ ವಿಷಯಗಳು ಅಡಗಿವೆ. ಪೌಂಡನ್ನು ಚಲಾಯಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ. ಯಾವ ದೇಶವಾದರೂ ಬೇರೊಂದು ದೇಶದ ನಾಣ್ಯವನ್ನು ಬಳಸಬಹುದು. ಆದರೆ ಆಗ ಬಡ್ಡಿದರದಲ್ಲಿ ಮಾತಿಲ್ಲ, ಬ್ಯಾಂಕುಗಳು ಮುಳುಗುವಾಗ ಹಣ ಸುರಿಯಲು ಸ್ವಂತ ಕೇಂದ್ರ ಬ್ಯಾಂಕಿಲ್ಲ. ಎರಡನೆಯದು, ಬ್ಯಾಂಕ್ ಆಫ್ ಇಂಗ್ಲೆಂಡನ್ನು ಎರಡೂ ದೇಶಗಳು ಹಂಚಿಕೊಳ್ಳುವ ವಿಧಿಬದ್ಧ ನಾಣ್ಯ ಒಕ್ಕೂಟ. 2013ರ ಶ್ವೇತಪತ್ರ ಕೇಳಿದ್ದು ಇದನ್ನೇ. ಇದಕ್ಕೆ ಲಂಡನ್ನಿನ ರುಜು ಬೇಕು. 2014ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಜಾರ್ಜ್ ಆಸ್ಬಾರ್ನ್ ಆಗುವುದಿಲ್ಲ ಎಂದುಬಿಟ್ಟರು. ಅದು ಬರೀ ಬೆದರಿಕೆ, ಮತದಾನದ ಮರುದಿನ ದಾರಿಗೆ ಬರುತ್ತಾರೆ ಎಂಬುದು ಸಾಮಂಡ್ ಅವರ ಉತ್ತರವಾಗಿತ್ತು. ಬೆದರಿಕೆಯೇ ಇದ್ದೀತು, ಆದರೆ ಒಲ್ಲೆ ಎಂದವನ ರುಜುವನ್ನು ನಂಬಿ ಮನೆ ಕಟ್ಟುವುದು ಹೇಗೆ ಎಂಬ ಪ್ರಶ್ನೆಗೆ ಆ ಪ್ರಚಾರದಲ್ಲಿ ಸಮರ್ಪಕ ಉತ್ತರ ಬರಲಿಲ್ಲ; ಸೋಲಿಗೆ ಇದೂ ಒಂದು ದೊಡ್ಡ ಕಾರಣವೆಂದೇ ನನಗೆ ತೋರುತ್ತದೆ. ಮೂರನೆಯದು, ಸ್ವಂತ ನಾಣ್ಯ ಬರುವವರೆಗೆ ಮಾತ್ರ ಪೌಂಡ್ ಬಳಸುವುದು. 2022ರ ಅಕ್ಟೋಬರಿನಲ್ಲಿ ಸ್ಕಾಟ್ಲೆಂಡ್ ಸರ್ಕಾರ ಹೊರತಂದ ಪ್ರಸ್ತಾವ ಈ ಬಗೆಯದು. ಇದಕ್ಕೆ ಹೊರಗಿನವರ ರುಜು ಬೇಕಿಲ್ಲ, ನಿಜ. ಬದಲಿಗೆ ಜನರ ಉಳಿತಾಯ, ಗೃಹಸಾಲ, ಪಿಂಚಣಿ ಯಾವ ದಿನ ಯಾವ ನಾಣ್ಯದಲ್ಲಿರುತ್ತವೆ ಎಂಬ ವಿವರ ಬೇಕು. ಈ ಅಧ್ಯಾಯವನ್ನು ಓದುವಾಗ ದಿನಾಂಕ ಹುಡುಕಿ.

ಉದಾಹರಣೆಗಳೂ ಇವೆ. ಚೆಕೊಸ್ಲೊವಾಕಿಯಾ 1993ರ ಜನವರಿ 1ರಂದು ಜಗಳವಿಲ್ಲದೆ ಎರಡಾಯಿತು, ಒಂದೇ ನಾಣ್ಯವನ್ನು ಮುಂದುವರಿಸುವುದಾಗಿಯೂ ಹೇಳಿಕೊಂಡಿತು. ಆದರೆ ಹಣ ಸ್ಲೊವಾಕಿಯಾದಿಂದ ಹೊರಕ್ಕೆ ಹರಿಯತೊಡಗಿದ್ದರಿಂದ ಫೆಬ್ರವರಿ 8ರಂದು ನಾಣ್ಯವೂ ಎರಡಾಯಿತು. ಇನ್ನೊಂದು ತುದಿಯಲ್ಲಿ ಐರ್ಲೆಂಡ್ ಇದೆ: ತನ್ನದೇ ನಾಣ್ಯವನ್ನು ತಂದರೂ ಅದರ ಬೆಲೆಯನ್ನು ಪೌಂಡಿಗೆ ಸಮನಾಗಿ ಕಟ್ಟಿಟ್ಟು 1979ರವರೆಗೆ ನಡೆಸಿತು. ಮೊದಲನೆಯದನ್ನು ಒಬ್ಬರು, ಎರಡನೆಯದನ್ನು ಇನ್ನೊಬ್ಬರು ಹೇಳುತ್ತಾರೆ. ಎರಡನ್ನೂ ಹೇಳುವವರು ಸಿಕ್ಕರೆ ಅವರ ಮುಂದಿನ ಪುಟವನ್ನೂ ಓದಿ.

ಒಕ್ಕೂಟದ ಪರದವರ ಭರವಸೆಗಳು

ಈಗ ಪೆನ್ಸಿಲನ್ನು ಆಚೆ ಕಡೆಗೆ ತಿರುಗಿಸೋಣ. 2014ರಲ್ಲಿ ಬೇಡ ಎನ್ನುವವರ ಪ್ರಮುಖ ವಾದಗಳಲ್ಲಿ ಒಂದು, ಯುರೋಪಿಯನ್ ಒಕ್ಕೂಟದಲ್ಲಿ ಉಳಿಯಬೇಕಾದರೆ ಬ್ರಿಟನ್ನಿನಲ್ಲೇ ಉಳಿಯಿರಿ ಎಂಬುದಾಗಿತ್ತು. ಆ ವರ್ಷದ ಫೆಬ್ರವರಿಯಲ್ಲಿ ಯುರೋಪಿಯನ್ ಆಯೋಗದ ಅಧ್ಯಕ್ಷ ಬರೋಸೊ, ಸ್ವತಂತ್ರ ಸ್ಕಾಟ್ಲೆಂಡಿಗೆ ಎಲ್ಲ ಸದಸ್ಯರ ಒಪ್ಪಿಗೆ ಸಿಗುವುದು ಅತ್ಯಂತ ಕಷ್ಟ, ಅಸಾಧ್ಯವೇ ಆದರೂ ಆದೀತು ಎಂಬರ್ಥದ ಮಾತನ್ನು ಹೇಳಿದ್ದರು. ಆದರೆ ಬ್ರಿಟನ್ ಯುರೋಪಿಯನ್ ಒಕ್ಕೂಟದಲ್ಲಿ ಉಳಿಯುತ್ತದೆ ಎಂಬ ಮಾತಿಗೆ ರುಜು ಹಾಕಬೇಕಾದವರು ಯಾರು? ಇಡೀ ಬ್ರಿಟನ್ನಿನ ಮತದಾರರು. 2016ರ ಜೂನ್ 23ರಂದು ಅವರಲ್ಲಿ ಶೇ. 51.9ರಷ್ಟು ಹೊರಹೋಗಲು ಮತ ಹಾಕಿದರು, ಸ್ಕಾಟ್ಲೆಂಡಿನಲ್ಲಿ ಶೇ. 62ರಷ್ಟು ಉಳಿಯಬೇಕೆಂದಿದ್ದರು. ಸ್ವಾತಂತ್ರ್ಯದ ವಾದವನ್ನು ಮತ್ತೆ ಜೀವಂತವಾಗಿಸಿದ್ದು ಈ ಒಡೆದ ಭರವಸೆಯೇ.

ಬ್ರೆಕ್ಸಿಟ್, ಅಂದರೆ ಬ್ರಿಟನ್ನಿನ ಈ ಹೊರಹೋಗುವಿಕೆ, ಸ್ವಾತಂತ್ರ್ಯದ ಬೇಡಿಕೆಗೆ ಬಲ ಕೊಟ್ಟಷ್ಟೇ ದಾರಿಯನ್ನು ಕಠಿಣವಾಗಿಸಿತು ಎಂಬುದನ್ನು ಸ್ವಾತಂತ್ರ್ಯವಾದಿಗಳ ಬರಹಗಳಲ್ಲಿ ಹುಡುಕಿ ಓದಬೇಕಾಗುತ್ತದೆ. ಸ್ಕಾಟ್ಲೆಂಡಿನ ಹೊರಮಾರಾಟದಲ್ಲಿ ಸುಮಾರು ಶೇ. 60ರಷ್ಟು ಬ್ರಿಟನ್ನಿನ ಉಳಿದ ಭಾಗಗಳಿಗೇ ಹೋಗುತ್ತದೆ. ಸ್ವತಂತ್ರ ಸ್ಕಾಟ್ಲೆಂಡ್ ಯುರೋಪಿಯನ್ ಒಕ್ಕೂಟ ಸೇರಿದರೆ, ಗ್ರೆಟ್ನಾ ಬಳಿ ಈಗ ಒಂದು ಫಲಕ ಮಾತ್ರವಿರುವ ಇಂಗ್ಲೆಂಡಿನೊಂದಿಗಿನ ಗಡಿಯು ಒಕ್ಕೂಟದ ಹೊರಗಡಿಯಾಗುತ್ತದೆ. ಜನರ ಓಡಾಟಕ್ಕೆ ಐರ್ಲೆಂಡಿನೊಂದಿಗಿರುವಂಥ ಸಾಮಾನ್ಯ ಸಂಚಾರ ವ್ಯವಸ್ಥೆಯನ್ನು ಮಾಡಿಕೊಳ್ಳಬಹುದು. ಸರಕಿನ ಲಾರಿಗಳ ಕಾಗದಪತ್ರ ಬೇರೆಯೇ ಮಾತು.

ಇನ್ನೊಂದು ಭರವಸೆ 2014ರ ಸೆಪ್ಟೆಂಬರ್ 16ರದು. ಮತದಾನಕ್ಕೆ ಎರಡು ದಿನ ಇರುವಾಗ ವೆಸ್ಟ್‌ಮಿನ್‌ಸ್ಟರಿನ ಮೂರು ಪಕ್ಷಗಳ ನಾಯಕರು ಸ್ಕಾಟ್ಲೆಂಡಿಗೆ ಹೆಚ್ಚಿನ ಅಧಿಕಾರ ಕೊಡುವುದಾಗಿ ಪತ್ರಿಕೆಯೊಂದರ ಮುಖಪುಟದಲ್ಲಿ ರುಜು ಹಾಕಿ ಶಪಥ ಮಾಡಿದರು. ಇಲ್ಲಿ ರುಜು ಹಾಕಿದವರೇ ಅದನ್ನು ನಡೆಸಬಲ್ಲವರಾಗಿದ್ದರು. ಯಾವ ಅಧಿಕಾರ ಕೊಡಬೇಕೆಂದು ಹೇಳಲು ಸ್ಮಿತ್ ಆಯೋಗ ಕೂತಿತು, 2016ರ ಸ್ಕಾಟ್ಲೆಂಡ್ ಕಾಯ್ದೆ ಬಂದಿತು, ಆದಾಯ ತೆರಿಗೆಯ ದರಗಳನ್ನು ನಿಗದಿಪಡಿಸುವ ಅಧಿಕಾರ ಬಹುಮಟ್ಟಿಗೆ ಹೋಲಿರೂಡ್‌ಗೆ ಹೋಯಿತು. ಶಪಥ ಪೂರ್ತಿ ನೆರವೇರಿತೇ ಎಂಬುದರಲ್ಲಿ ಜಗಳವಿದೆ, ಆದರೆ ಅದೇನೂ ಗಾಳಿಮಾತಾಗಿರಲಿಲ್ಲ.

ಸಮೀಕ್ಷೆ ಮತ್ತು ಸ್ಥಾನಗಳು

ಸಮೀಕ್ಷೆಯ ಅಂಕಿ ಕಂಡಾಗ ಮೊದಲು ಪ್ರಶ್ನೆ ಯಾವುದಿತ್ತೆಂದು ನೋಡಿ. ಸ್ವತಂತ್ರ ದೇಶವಾಗಬೇಕೇ ಎಂದು ಕೇಳಿದರೆ ಬರುವ ಬೆಂಬಲಕ್ಕಿಂತ, ಬ್ರಿಟನ್ನಿನಲ್ಲಿ ಉಳಿಯಬೇಕೇ ಹೊರಹೋಗಬೇಕೇ ಎಂದು ಕೇಳಿದಾಗ ಸ್ವಾತಂತ್ರ್ಯಕ್ಕೆ ಬರುವ ಬೆಂಬಲ ಕಡಿಮೆ. ಆಮೇಲೆ, ಗೊತ್ತಿಲ್ಲ ಎಂದವರನ್ನು ಲೆಕ್ಕದಿಂದ ತೆಗೆದಿದ್ದಾರೆಯೇ ನೋಡಿ. 2014ರ ಸೆಪ್ಟೆಂಬರ್ 7ರಂದು ಪ್ರಕಟವಾದ ಯೂಗವ್ ಸಮೀಕ್ಷೆ ಅಂಥವರನ್ನು ಬಿಟ್ಟು ಶೇ. 51 ಬೇಕು ಎಂದು ತೋರಿಸಿ ಲಂಡನ್ನನ್ನು ಬೆಚ್ಚಿಬೀಳಿಸಿತ್ತು. ಹನ್ನೊಂದು ದಿನಗಳ ನಂತರ ಬಂದದ್ದು 44.7.

ಪಕ್ಷದ ಸ್ಥಾನಗಳನ್ನು ಸ್ವಾತಂತ್ರ್ಯದ ಉಷ್ಣಮಾಪಕವಾಗಿ ಬಳಸಲೇಬೇಡಿ. ಎಸ್‌ಎನ್‌ಪಿ 2015ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನ 59 ಸ್ಕಾಟಿಷ್ ಸ್ಥಾನಗಳಲ್ಲಿ 56ನ್ನು ಸುಮಾರು ಅರ್ಧದಷ್ಟು ಮತಗಳಿಂದ ಗೆದ್ದಿತು, 2024ರಲ್ಲಿ 57ರಲ್ಲಿ 9ಕ್ಕೆ ಇಳಿಯಿತು. ಸ್ವಾತಂತ್ರ್ಯದ ಬೆಂಬಲ ಆ ವೇಗದಲ್ಲಿ ಏರಲೂ ಇಲ್ಲ, ಇಳಿಯಲೂ ಇಲ್ಲ.

ಅಭ್ಯಾಸಕ್ಕೆ ಒಂದು ಪುಟ

ಈ ಕ್ರಮವನ್ನು ಕೈಗೆ ರೂಢಿ ಮಾಡಿಕೊಳ್ಳಲು ಶ್ವೇತಪತ್ರದ ರಕ್ಷಣಾ ಭಾಗ ಚೆನ್ನಾಗಿದೆ. ಬ್ರಿಟನ್ನಿನ ಟ್ರೈಡೆಂಟ್ ಅಣ್ವಸ್ತ್ರ ಜಲಾಂತರ್ಗಾಮಿಗಳ ನೆಲೆ ಗ್ಲಾಸ್ಗೋದಿಂದ ಸುಮಾರು 40 ಕಿಲೋಮೀಟರ್ ದೂರದ ಫಾಸ್ಲೇನ್‌ನಲ್ಲಿದೆ. ಸಿಡಿತಲೆಗಳ ದಾಸ್ತಾನು ಪಕ್ಕದ ಕೂಲ್‌ಪೋರ್ಟ್‌ನಲ್ಲಿದೆ. ಸ್ವಾತಂತ್ರ್ಯದ ನಂತರದ ಮೊದಲ ಸಂಸತ್ತಿನ ಅವಧಿಯೊಳಗೆ ಅವನ್ನು ಹೊರಹಾಕುವ ಉದ್ದೇಶವನ್ನೂ, ನೇಟೊ ಕೂಟದಲ್ಲಿ ಸದಸ್ಯತ್ವ ಪಡೆಯುವ ಉದ್ದೇಶವನ್ನೂ ಅಲ್ಲಿ ಅಕ್ಕಪಕ್ಕದಲ್ಲಿ ಬರೆಯಲಾಗಿದೆ. ಮೊದಲನೆಯದರ ಪಕ್ಕ ಹೋಲಿರೂಡ್ ಎಂದು ಬರೆಯಬಹುದು ಎಂದುಕೊಂಡು ಪೆನ್ಸಿಲ್ ಊರುವಾಗ, ಆ ಸಿಡಿತಲೆಗಳನ್ನು ಇಡಲು ಇಂಗ್ಲೆಂಡಿನಲ್ಲಿ ಬೇರೆ ಬಂದರು ಸಿದ್ಧವಾಗಲು ಎಷ್ಟು ವರ್ಷ ಬೇಕೆಂದು ಲೆಕ್ಕ ಹಾಕುವವರು ಲಂಡನ್ನಿನವರು ಎಂಬುದು ನೆನಪಾಗುತ್ತದೆ. ಎರಡನೆಯದರ ಪಕ್ಕ ನೇಟೊದ ಎಲ್ಲ ಸದಸ್ಯರ ಹೆಸರನ್ನೂ ಬರೆಯಬೇಕು, ಏಕೆಂದರೆ ಹೊಸಬರನ್ನು ಸೇರಿಸಿಕೊಳ್ಳಲು ಒಬ್ಬೊಬ್ಬರ ಒಪ್ಪಿಗೆಯೂ ಬೇಕು, ಮತ್ತು ಆ ಪಟ್ಟಿಯಲ್ಲಿ ತನ್ನ ಜಲಾಂತರ್ಗಾಮಿಗಳಿಗೆ ಜಾಗ ಹುಡುಕುತ್ತಿರುವ ಬ್ರಿಟನ್ನಿನ ಹೆಸರೂ ಇರುತ್ತದೆ.